ಹಿಟ್ಟನ್ನ ಮತ್ತೆ ರಾಗಿ ಮಾಡಿ, ನೋಡವ

“ಹಿಂದಕ್ಕೆ ತರಬಹುದಾದದ್ದು ಭೌತ ಬದಲಾವಣೆ. ಹಿಂದಕ್ಕೆ ತರಲಾಗದ್ದು ರಾಸಾಯನಿಕ ಬದಲಾವಣೆ.” ಪಕ್ಕದ ಮನೆ ಗೌಡರ ಮೊಮ್ಮಗಳು ಏಳನೇ ಕ್ಲಾಸಿನ ವಿಜ್ಞಾನವನ್ನು ಜಗಲಿ ಮೇಲೆ ಕೂತು ಉರು ಹೊಡೆಯುತ್ತಿದ್ದಳು. ಬೇಲಿಯ ಈ ಕಡೆ ನಾನು ಬೆಂಡೆಗಿಡಕ್ಕೆ ನೀರು ಬಿಡುತ್ತಿದ್ದೆ. ಆ ಕಡೆ ಗೌಡರು ವೀಳ್ಯದೆಲೆಗೆ ಸುಣ್ಣ ಸವರುತ್ತ ನಿಂತಿದ್ದರು. ಎಲೆ ಬಾಯಿಗೆ ಹೋಗುವ ಮೊದಲೇ ತಕರಾರು ಹೊರಬಂತು.

“ಮೇಷ್ಟ್ರೇ, ರಾಗಿ ಬೀಸುದ್ರೆ ಅದ್ಯಾವ್ ಬದಲಾವಣೆ?”

“ಭೌತ ಬದಲಾವಣೆ ಗೌಡ್ರೇ. ಕಾಳು ಪುಡಿಯಾಯ್ತು, ಅಷ್ಟೆ. ರಾಗಿ ರಾಗಿಯಾಗೇ ಇದೆ.”

“ಅಂಗಾದ್ರೆ ಇಟ್ನ ಮತ್ತೆ ರಾಗಿ ಮಾಡಿ, ನೋಡವ.”

ಮೊಮ್ಮಗಳ ಓದು ಅಲ್ಲಿಗೆ ನಿಂತಿತು. ಗೌಡರು ಓದಿದ್ದು ನಾಲ್ಕನೇ ಕ್ಲಾಸು, ಆದರೆ ಪಾಂಡವಪುರದ ಈ ಸೀಮೆಯಲ್ಲಿ ಆಲೆಮನೆ ನಡೆಸಿ ತಲೆ ನರೆಸಿಕೊಂಡವರು. ಕುದಿಯುವುದು, ಕರಗುವುದು, ಗಟ್ಟಿಯಾಗುವುದು, ಸೀಯುವುದು, ಇವುಗಳ ವಿಷಯದಲ್ಲಿ ಅವರೆದುರು ಬಾಯಿಬಿಡುವ ಮುಂಚೆ ಯಾವ ವಿಜ್ಞಾನದ ಮೇಷ್ಟರಾದರೂ ಒಂದು ಸಲ ಯೋಚಿಸಬೇಕು.

ಈ ಹಿಂದಕ್ಕೆ–ಮುಂದಕ್ಕೆ ಸೂತ್ರ ಮಕ್ಕಳ ನೋಟ್ಸುಗಳಲ್ಲಿ ಬೇರುಬಿಟ್ಟಿರುವುದು ಅದು ಸರಿ ಎಂದಲ್ಲ, ಉತ್ತರಪತ್ರಿಕೆ ತಿದ್ದಲು ಸುಲಭ ಎಂದು. ಮಂಜುಗಡ್ಡೆ ನೀರಾಗಿ ಮತ್ತೆ ಮಂಜುಗಡ್ಡೆಯಾಗುತ್ತದೆ. ಕಾಗದ ಸುಟ್ಟು ಬೂದಿಯಾದರೆ ಮುಗಿಯಿತು. ಎರಡು ಉದಾಹರಣೆ, ಎರಡು ಅಂಕ. ಮಂಜುಗಡ್ಡೆ ಬಿಟ್ಟು ಮಂಡ್ಯ ಜಿಲ್ಲೆಗೆ ಕಾಲಿಟ್ಟರೆ ಸೂತ್ರ ಕುಂಟತೊಡಗುತ್ತದೆ. ಕೆ.ಆರ್. ಪೇಟೆ ಪಕ್ಕದ ಹೊಸಹೊಳಲಿಗೆ ಹೋಗಿ ನೋಡಿ. ಹದಿಮೂರನೇ ಶತಮಾನದ ಲಕ್ಷ್ಮೀನಾರಾಯಣ ದೇವಸ್ಥಾನದ ಗೋಡೆ ತುಂಬ ರಾಮಾಯಣ, ಭಾರತ, ಭಾಗವತ. ಅಷ್ಟನ್ನೂ ಕೆತ್ತಿದ ಬಳಪದ ಕಲ್ಲಿನಿಂದ ಎಷ್ಟು ಗಾಡಿ ಚಕ್ಕೆ ಹಾರಿತೋ. ಆ ಚಕ್ಕೆಗಳನ್ನು ಆಯ್ದು ತಂದು ಕಲ್ಲನ್ನು ಮೊದಲಿನಂತೆ ಮಾಡಲು ಜಕಣಾಚಾರಿಯೇ ಎದ್ದು ಬಂದರೂ ಆಗದು. ಆದರೂ ಉಳಿಯಿಂದ ನಡೆದದ್ದೆಲ್ಲ ಬರೀ ಭೌತ ಬದಲಾವಣೆ. ಚಕ್ಕೆಯೂ ಬಳಪದ ಕಲ್ಲೇ, ದೇವರೂ ಬಳಪದ ಕಲ್ಲೇ. ನಿಜವಾದ ರಾಸಾಯನಿಕ ಕೆಲಸ ನಡೆದದ್ದು ಉಳಿ ಹುಟ್ಟುವುದಕ್ಕೆ ಕೋಟ್ಯಂತರ ವರ್ಷ ಮೊದಲು, ನೆಲದಾಳದಲ್ಲಿ. ಬಿಸಿನೀರು, ಒತ್ತಡ ಎರಡೂ ಸೇರಿ ಗಡುಸು ಕಲ್ಲಿನ ಖನಿಜಗಳನ್ನೇ ಬೇರೆ ಮಾಡಿ, ಉಗುರಿನಲ್ಲಿ ಗೀರಬಹುದಾದ ಮೆದು ಕಲ್ಲನ್ನು ಹೊಯ್ಸಳರಿಗೆ ತಯಾರು ಮಾಡಿಟ್ಟಿದ್ದವು.

“ಸರಿ, ಇಂದಕ್ಕೆ ಬರ್ದೇ ಇರೋ ಭೌತ ತೋರಿಸ್ದ್ರಿ,” ಎಂದರು ಗೌಡರು. “ಇಂದಕ್ಕೆ ಬರೋ ರಾಸಾಯನಿಕ ಅದಾ?”

“ನಿಮ್ಮ ಬೆರಳಲ್ಲೇ ಇದೆ.”

ಗೌಡರು ಬೆರಳು ನೋಡಿಕೊಂಡರು. ಸುಣ್ಣ ಮೆತ್ತಿತ್ತು.

ಸುಣ್ಣದಕಲ್ಲನ್ನು ಗೂಡಿಗೆ ಹಾಕಿ ಸುಡುತ್ತಾರೆ. ಒಂಬೈನೂರು ಡಿಗ್ರಿಯ ಆಸುಪಾಸಿಗೆ ಬಂದಾಗ ಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡ್ ಬಿಟ್ಟು ಹೋಗುತ್ತದೆ. ನೂರು ಕೆಜಿ ಶುದ್ಧ ಕಲ್ಲು ಹಾಕಿದರೆ 44 ಕೆಜಿ ಗಾಳಿಗೆ ಹೋಗಿ ಗೂಡಿನಲ್ಲಿ ಉಳಿಯುವುದು 56 ಕೆಜಿ. ಆ ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಒಲೆಯಿಲ್ಲದೆ ಕುದಿಯುತ್ತದೆ. ಹಾಗೆ ಅರಳಿದ ಸುಣ್ಣವನ್ನು ಗೋಡೆಗೆ ಬಳಿದರೆ, ಅದು ಗಾಳಿಯಲ್ಲಿರುವ ಅದೇ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಎಳೆದುಕೊಂಡು ಮತ್ತೆ ಸುಣ್ಣದಕಲ್ಲೇ ಆಗುತ್ತದೆ. ಸುತ್ತು ಹೊಡೆದು ಹೊರಟಲ್ಲಿಗೇ ಬಂತು, ಆದರೆ ದಾರಿಯ ಪ್ರತಿ ಮೆಟ್ಟಿಲೂ ರಾಸಾಯನಿಕ. ಹಾಗಾಗಿ ಹಿಂದಕ್ಕೆ ಬರುತ್ತದೆಯೋ ಇಲ್ಲವೋ ಎಂದು ಕೇಳಿ ಪ್ರಯೋಜನವಿಲ್ಲ. ಹೊಸ ವಸ್ತು ಹುಟ್ಟಿತೇ? ಕೇಳಬೇಕಾದದ್ದು ಅದನ್ನು.

ಗೌಡರು ಎಲೆ ಮಡಿಸಿ ಬಾಯಿಗೆ ಹಾಕಿದರು. ಅಲ್ಲೂ ಅದೇ ಕಥೆ. ಹಸಿರು ಎಲೆ, ಬಿಳಿ ಸುಣ್ಣ, ಕಂದು ಅಡಿಕೆ. ಅಡಿಕೆಯ ಒಗರು ಸುಣ್ಣದ ಕ್ಷಾರಕ್ಕೆ ಸಿಕ್ಕಿ ಬಾಯಿ ಕೆಂಪಗಾಗುತ್ತದೆ. ಹಲ್ಲು ಮಾಡುವುದು ಭೌತ, ಸುಣ್ಣ ಮಾಡುವುದು ರಾಸಾಯನಿಕ.

ಸುಣ್ಣದ ಮಾತು ಬಂದಮೇಲೆ ಕನ್ನಂಬಾಡಿ ಕಟ್ಟೆ ಬಾರದೆ ಇರುತ್ತದೆಯೇ? 1911ರಲ್ಲಿ ಶುರುವಾದ ಕಟ್ಟೆ. ಸಿಮೆಂಟಿನ ಬದಲು ಸುರ್ಕಿ ಗಾರೆ, ಎಂದರೆ ಸುಟ್ಟ ಇಟ್ಟಿಗೆಯ ಪುಡಿಗೆ ಸುಣ್ಣ ಬೆರೆಸಿ ಅರೆದದ್ದು. “ನಮ್ ತಾತ ಏಳ್ತಿದ್ದ, ಗಾರೆ ಒಣಗ್ಬೇಕು ಅಂತ ಕಾಯ್ತಾ ಕೂತಿದ್ರೆ ಕಾವೇರಿ ಬುಡ್ತಿದ್ಲಾ ಅಂತ,” ಎಂದರು ಗೌಡರು. ತಾತನ ಮಾತು ನಿಜ. ಸುರ್ಕಿ ಒಣಗಿ ಗಟ್ಟಿಯಾಗುವುದಲ್ಲ. ಇಟ್ಟಿಗೆಪುಡಿಯೊಳಗಿನ ಸಿಲಿಕಾ, ಅಲ್ಯುಮಿನಾಗಳು ಸುಣ್ಣದ ಜೊತೆ, ನೀರಿನ ಸಮಕ್ಷಮದಲ್ಲಿ ಕೂಡಿಕೊಂಡು ಕಲ್ಲಿನಂಥ ಹೊಸ ವಸ್ತುವಾಗುತ್ತವೆ. ನೀರಿನಡಿಯಲ್ಲೂ ಬಿಗಿಯುತ್ತದೆ. ಮಣ್ಣಿನ ಗೋಡೆ ಒಣಗುವುದು ಭೌತ, ಅದಕ್ಕೇ ಮಳೆ ಹೊಡೆದರೆ ಮತ್ತೆ ಕೆಸರು. ಸುರ್ಕಿ ಹಾಗಲ್ಲವಾದ್ದರಿಂದ 124.80 ಅಡಿ ನೀರು ನಿಂತಾಗ ಶ್ರೀರಂಗಪಟ್ಟಣದವರು ನಿದ್ದೆ ಮಾಡುತ್ತಾರೆ.

ಶ್ರೀರಂಗಪಟ್ಟಣದ ಹೆಸರು ಬಂದದ್ದೇ ತಡ, ಮೊಮ್ಮಗಳು ಬೇಲಿಯ ಹತ್ತಿರ ಬಂದಳು. ಸ್ಕೂಲಿನಿಂದ ಟೂರು ಹೋಗಿ ಟಿಪ್ಪುವಿನ ಮದ್ದಿನ ಮನೆ ನೋಡಿದ್ದಳಂತೆ. ಅದನ್ನೇ ತಾನೇ 2017ರಲ್ಲಿ ಜ್ಯಾಕ್ ಕೊಟ್ಟು ಎತ್ತಿ, ಜೋಡಿ ರೈಲುಹಳಿಗೆ ದಾರಿ ಬಿಡಿಸಲು ಸುಮಾರು 130 ಮೀಟರ್ ಆಚೆಗೆ ಸರಿಸಿದ್ದು. ಒಂದು ಇಟ್ಟಿಗೆ ಬಿಚ್ಚಲಿಲ್ಲ.

“ಅದು ಭೌತ!” ಎಂದಳು.

“ಜಾಗ ಬದಲಾಯಿತು, ಬೇರೇನೂ ಇಲ್ಲ. ಭೌತವೇ. ಆದರೆ ಅದರೊಳಗೆ ಇಡುತ್ತಿದ್ದದ್ದು?”

ಮದ್ದು ಎಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲು. ಮೂರನ್ನೂ ಬೇರೆ ಬೇರೆ ಕುಟ್ಟಿ ಪುಡಿಮಾಡಿ ಬೆರೆಸುವವರೆಗೂ ಬರೀ ಮಿಶ್ರಣ. ಪೆಟ್ಲುಪ್ಪು ನೀರಿಗೆ ಕರಗುತ್ತದೆ, ಇನ್ನೆರಡು ಕರಗುವುದಿಲ್ಲ. ಬೇಕೆಂದರೆ ತೊಳೆದು, ಸೋಸಿ, ನೀರು ಆರಿಸಿ ಉಪ್ಪನ್ನು ವಾಪಸ್ಸು ಪಡೆಯಬಹುದು. ಒಂದು ಕಿಡಿ ಬೀಳಲಿ, ಪೆಟ್ಲುಪ್ಪು ತನ್ನಲ್ಲಿದ್ದ ಆಮ್ಲಜನಕವನ್ನು ಇದ್ದಿಲಿಗೂ ಗಂಧಕಕ್ಕೂ ಕೊಟ್ಟು, ಬಿಸಿ ಅನಿಲ ಭುಗಿಲೆದ್ದು, ಕಬ್ಬಿಣದ ಕೊಳವೆಯ ಟಿಪ್ಪುವಿನ ರಾಕೆಟ್ ಇಂಗ್ಲಿಷರ ನೆತ್ತಿಯ ಮೇಲಿರುತ್ತದೆ. ಮರದ, ಕಾಗದದ ಕೊಳವೆಯಾಗಿದ್ದರೆ ಅಷ್ಟು ಒತ್ತಡ ತಡೆಯುತ್ತಿರಲಿಲ್ಲ.

“ಯುದ್ದದ್ ಮಾತು ಸಾಕು, ಬೆಲ್ಲದ್ದು ಏಳಿ,” ಎಂದು ಗೌಡರು ಚರ್ಚೆಯನ್ನು ತಮ್ಮ ಸೀಮೆಗೆ ಎಳೆದುಕೊಂಡರು. “ಆಲು ಕಾಯ್ಸಿ ಬೆಲ್ಲ ಮಾಡ್ತೀವಿ. ಅದ್ ಭೌತವೋ ರಾಸಾಯನಿಕವೋ?”

ಇಲ್ಲಿ ಆಲು ಎಂದರೆ ಕಬ್ಬಿನ ಹಾಲು. ಒಂದೇ ಪದದ ಉತ್ತರ ಕೊಟ್ಟಿದ್ದರೆ ಗೌಡರು ಬೇಲಿ ಹಾರಿ ಬರುತ್ತಿದ್ದರು. ನಾವಿಬ್ಬರೂ ಗಾಣದಿಂದ ಶುರುಮಾಡಿ ಅಚ್ಚಿನವರೆಗೆ ಹೆಜ್ಜೆ ಹೆಜ್ಜೆಯಾಗಿ ಹೋದೆವು.

ಗಾಣಕ್ಕೆ ಕಬ್ಬು ಕೊಟ್ಟು ಹಿಂಡುವುದು ಭೌತ. ಹಾಲಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗಿಂತ ಮೇಲೆ ನೀರೇ. ಒಂದು ಟನ್ ಕಬ್ಬಿಗೆ ಬೆಲ್ಲ ಇಳಿಯುವುದು ನೂರು ಕೆಜಿ ಸುಮಾರು. ಮಿಕ್ಕ ನೀರನ್ನೆಲ್ಲ ಆವಿಮಾಡಿ ಆಕಾಶಕ್ಕೆ ಕಳಿಸುವುದೇ ಆಲೆಮನೆಯ ದೊಡ್ಡ ಕೆಲಸ, ಅದೂ ಭೌತ. ಭೌತ ಎಂದರೆ ಸುಲಭ ಎಂದೇನೂ ಅಲ್ಲ. ಒಂದು ಲೀಟರ್ ನೀರನ್ನು ಕುದಿಗೆ ತರುವುದಕ್ಕೆ ಬೇಕಾದ ಶಾಖದ ಏಳೆಂಟು ಪಟ್ಟು ಶಾಖ, ಕುದಿದ ಅದೇ ನೀರನ್ನು ಪೂರ್ತಿ ಆವಿಮಾಡಲು ಬೇಕು. ಆ ಶಾಖ ಬರುವುದು ಕೊಪ್ಪರಿಗೆಯ ಕೆಳಗೆ ಉರಿಯುವ ಒಣಗಿದ ಕಬ್ಬಿನ ಸಿಪ್ಪೆಯಿಂದ. ಕೆಳಗೆ ಒಲೆಯಲ್ಲಿ ಹೊಸ ವಸ್ತು ಹುಟ್ಟುತ್ತ ಹೊಗೆಯಾಗಿ ಹೋಗುತ್ತಿರುತ್ತದೆ, ಮೇಲೆ ಕೊಪ್ಪರಿಗೆಯಲ್ಲಿ ಹಳೆಯದೇ ನೀರು ರೂಪ ಬದಲಿಸುತ್ತಿರುತ್ತದೆ. ನಡುವೆ ಇರುವುದು ಒಂದು ತಗಡು.

“ಸುಣ್ಣ ಆಕ್ತೀವಲ್ಲ?”

ಅದು ರಾಸಾಯನಿಕ. ಕಬ್ಬಿನ ಹಾಲು ನಾಲಿಗೆಗೆ ಸಿಹಿ, ಆದರೆ ಒಳಗೆ ಹುಳಿಯಿದೆ. ಹುಳಿಯ ಜೊತೆ ಕುದಿದರೆ ಸಕ್ಕರೆಯ ಕಣ ಒಂದೊಂದು ನೀರಿನ ಕಣವನ್ನು ಸೇರಿಸಿಕೊಂಡು ಗ್ಲೂಕೋಸ್, ಫ್ರಕ್ಟೋಸ್ ಎಂದು ಒಡೆದುಹೋಗುತ್ತದೆ. ಸಿಹಿಯೇನೋ ಇರುತ್ತದೆ, ಬೆಲ್ಲ ಮಾತ್ರ ಕಟ್ಟುವುದಿಲ್ಲ. ಸುಣ್ಣ ಆ ಹುಳಿಯನ್ನು ಮುರಿಯುತ್ತದೆ. ಕೊಳೆಯನ್ನು ಗಟ್ಟಿಮಾಡಿ ನೊರೆಯ ಜೊತೆ ಮೇಲಕ್ಕೂ ತರುತ್ತದೆ. “ಸುಣ್ಣ ಜಾಸ್ತಿಯಾದ್ರೆ ಬೆಲ್ಲ ಕರ್ರಗಾಯ್ತದೆ,” ಎಂದರು ಗೌಡರು. ಹೌದು, ಕ್ಷಾರ ಹೆಚ್ಚಾದರೆ ಒಡೆದ ಸಕ್ಕರೆಗಳು ಕಪ್ಪಾಗುತ್ತವೆ. ಪಿಎಚ್ ಕಾಗದವಿಲ್ಲದೆ ಚಿಟಿಕೆಯಲ್ಲಿ ಈ ಹದ ಹಿಡಿದ ಮನುಷ್ಯನಿಗೆ ನಾಲ್ಕನೇ ಕ್ಲಾಸು ಎಂದು ಸರ್ಟಿಫಿಕೇಟು ಕೊಟ್ಟ ಇಲಾಖೆಯ ಬಗ್ಗೆ ಏನು ಹೇಳೋಣ.

“ಬೆಂಡೆ?” ಗೌಡರ ಕಣ್ಣು ನನ್ನ ಗಿಡಗಳ ಮೇಲಿತ್ತು. ಬೆಂಡೆಗಿಡದ ಕಾಂಡ ಜಜ್ಜಿ ನೀರಲ್ಲಿ ನೆನೆಸಿ, ಆ ಲೋಳೆಯನ್ನು ಕುದಿಯುವ ಹಾಲಿಗೆ ಬಿಟ್ಟರೆ ಕೊಳೆ ಅದಕ್ಕೆ ಅಂಟಿಕೊಂಡು ತೇಲುತ್ತದೆ, ಜಾಲರಿಯಲ್ಲಿ ತೆಗೆದು ಎಸೆಯಬಹುದು. ಅಂಟಿಕೊಳ್ಳುವುದು, ತೇಲುವುದು, ಎತ್ತುವುದು, ಬಹುಪಾಲು ಭೌತವೇ. ನನಗೆ ಇದು ಆಲೆಮನೆಯ ಅತ್ಯಂತ ಸಭ್ಯ ಉಪಾಯ ಎನ್ನಿಸುತ್ತದೆ.

ನೀರು ಆರಿದಷ್ಟೂ ಪಾಕ ಕುದಿಯುವ ಬಿಸಿ ನೂರನ್ನು ದಾಟಿ ಏರುತ್ತದೆ. ಅಷ್ಟೂ ಹೊತ್ತು ಬಿಳಿಚಿಕೊಂಡಿದ್ದ ಹಾಲು ಹೊಂಬಣ್ಣಕ್ಕೆ, ಅಲ್ಲಿಂದ ಕಂದಿಗೆ ತಿರುಗಿ, ಊರಾಚೆಗೂ ಹಬ್ಬುವ ಆ ವಾಸನೆ ಏಳುತ್ತದೆ. ಅಲ್ಲಿ ಭೌತದ ಒಳಗೆ ರಾಸಾಯನಿಕ ನುಸುಳಿದೆ ಎಂದು ಅರ್ಥ. ಸಕ್ಕರೆ ಕಾದು ಕಂದಾಗುವುದು ಒಂದು. ಒಡೆದ ಸಕ್ಕರೆಗಳು ಹಾಲಿನಲ್ಲಿರುವ ಅಮೈನೋ ಆಮ್ಲಗಳ ಜೊತೆ ಕೂಡಿ ಬಣ್ಣ, ಘಮ ಹುಟ್ಟಿಸುವುದು ಇನ್ನೊಂದು. ಈ ಎರಡನೆಯದನ್ನು 1912ರಲ್ಲಿ ಮೊದಲು ವಿವರಿಸಿದವನು ಮೈಯಾರ್ ಎಂಬ ಫ್ರೆಂಚ್ ವಿಜ್ಞಾನಿ. ಹೈದರ್–ಟಿಪ್ಪು ಕಾಲದಲ್ಲಿ ಫ್ರೆಂಚ್ ಪಡೆ ಬೀಡುಬಿಟ್ಟು ನಮ್ಮೂರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರೇ ಬಂದಿತ್ತು. ಮೂಗಿದ್ದ ಯಾವನಾದರೂ ಫ್ರೆಂಚ್ ಸಿಪಾಯಿ ಒಂದು ಆಲೆಮನೆಯ ಪಕ್ಕ ನಿಂತು ವಿಚಾರಿಸಿದ್ದರೆ ಆ ದೇಶಕ್ಕೆ ನೂರು ವರ್ಷ ಮಿಗುತ್ತಿತ್ತು.

ಕೊನೆಯ ಹದವನ್ನು ಗೌಡರ ಬಾಯಲ್ಲೇ ಕೇಳಬೇಕು. “ತಣ್ಣೀರ್ಗೆ ಒಂದ್ ತೊಟ್ಟು ಬುಡದು. ಕದಡೋದ್ರೆ ಇನ್ನೂ ಆಗಿಲ್ಲ. ಉಂಡೆ ಕಟ್ಟಿ ಕೈಗೆ ಸಿಕ್ತಾ, ಇಳ್ಸು. ಇನ್ನೊಂದ್ ಗಳಿಗೆ ಬುಟ್ರೆ ಸೀದೋಯ್ತು.” ನೂರ ಹದಿನೆಂಟು ಡಿಗ್ರಿಯ ಆಸುಪಾಸು ಎಂದು ಪುಸ್ತಕ ಹೇಳುವುದನ್ನು ಅವರು ಉಂಡೆಯಲ್ಲಿ ಓದುತ್ತಾರೆ. ಇಳಿಸಿ, ತೊಟ್ಟಿಗೆ ಹುಯ್ದು, ತಿರುವಿ, ಅಚ್ಚಿಗೆ ತುಂಬಿದ ಮೇಲೆ ಸಕ್ಕರೆ ಹರಳುಗಟ್ಟಿ ಗಟ್ಟಿಯಾಗುವುದು ಮತ್ತೆ ಭೌತ.

ನಾನು ಕೇಳಬಾರದೆಂದಿದ್ದರೂ ಕೇಳಿದೆ. “ಹೈಡ್ರೋಸು ಹಾಕ್ತಿದ್ರಾ ಗೌಡ್ರೇ?”

ಗೌಡರು ಎಲೆರಸ ಉಗಿದು ಬಂದು ಉತ್ತರ ಕೊಟ್ಟರು. “ಎಲ್ರೂ ಆಕೋರು. ಬೆಳ್ಳಗಿದ್ರೇ ಮಾರ್ಕೆಟ್ನಲ್ಲಿ ರೇಟು. ಕೆಂಪು ಬೆಲ್ಲ ತಕೊಂಡೋದ್ರೆ ಮೂಸೋರಿಲ್ಲ. ಈಗ ಅದೇ ಕೆಂಪು ಬೆಲ್ಲಕ್ಕೆ ಬೆಂಗ್ಳೂರೋರು ಎರಡ್ರಷ್ಟು ಕೊಡ್ತರಂತೆ.”

ಹೈಡ್ರೋಸ್ ಎಂದರೆ ಸೋಡಿಯಂ ಹೈಡ್ರೋಸಲ್ಫೈಟ್. ಅದು ಕೊಳೆ ತೆಗೆಯುವುದಿಲ್ಲ. ಬಣ್ಣದ ಕಣಗಳ ರಚನೆಯನ್ನು ಬದಲಿಸಿ ಬಣ್ಣ ಕಾಣದಂತೆ ಮಾಡುತ್ತದೆ, ಗಂಧಕದ ಅಂಶವನ್ನು ಬೆಲ್ಲದಲ್ಲಿ ಉಳಿಸುತ್ತದೆ. ಗೋದಾಮಿನಲ್ಲಿ ಕೂತಂತೆ ಗಾಳಿಯ ಆಮ್ಲಜನಕ ತಗುಲಿ ಬಣ್ಣ ಹಿಂದಕ್ಕೆ ಬರುತ್ತದೆ. ಹುಡುಗಿಯ ಸೂತ್ರಕ್ಕೆ ಇದಕ್ಕಿಂತ ಕೆಟ್ಟ ಉದಾಹರಣೆ ಬೇಕೇ? ಹಿಂದಕ್ಕೆ ಬಂತು, ಆದರೂ ರಾಸಾಯನಿಕ.

ಅಷ್ಟರಲ್ಲಿ ಗೌಡರ ಹೆಂಡತಿ, ನಾನು ಅಕ್ಕ ಎನ್ನುವವರು, ಕೈಯಲ್ಲಿ ಹುಣಸೆಹಣ್ಣು ಬಳಿದ ಚೊಂಬು ಹಿಡಿದು ಹೊರಗೆ ಬಂದರು. ತವರು ನಾಗಮಂಗಲ, ಲೋಹದ ಎರಕಕ್ಕೆ ಹೆಸರಾದ ಊರು. “ಇದೂ ರಾಸಾಯನಿಕವೇ ಏನಣ್ಣ?” ಎಂದರು. ಚೊಂಬಿನ ಮೇಲೆ ಕಟ್ಟಿದ ಕಪ್ಪು, ಹಸಿರು ಕಿಲುಬು ತಾಮ್ರದ ಹೊಸ ಸಂಯುಕ್ತಗಳು. ಹುಣಸೆಯ ಹುಳಿ ಅದನ್ನು ಕರಗಿಸುತ್ತದೆ. ಕಿಲುಬು ಕಟ್ಟುವುದೂ ರಾಸಾಯನಿಕ, ಬಿಡಿಸುವುದೂ ರಾಸಾಯನಿಕ, ತೆಂಗಿನ ನಾರಿನಲ್ಲಿ ಉಜ್ಜುವುದು ಮಾತ್ರ ಭೌತ. ಅವರ ತವರಿನ ಎರಕದಲ್ಲೂ ಹೀಗೇ ಕಲಸಿಕೊಂಡಿದೆ. ಮೇಣದ ಬೊಂಬೆಗೆ ಮಣ್ಣು ಮೆತ್ತಿ ಕಾಯಿಸಿದರೆ ಮೇಣ ಕರಗಿ ಹೊರಗೆ ಹರಿಯುತ್ತದೆ, ಭೌತ. ಬೆಂದ ಮಣ್ಣು ತನ್ನೊಳಗೆ ಕೂಡಿಕೊಂಡಿದ್ದ ನೀರನ್ನೇ ಬಿಟ್ಟುಕೊಟ್ಟು ಇನ್ನೆಂದೂ ಕೆಸರಾಗದ ವಸ್ತುವಾಗುತ್ತದೆ, ರಾಸಾಯನಿಕ. ಆ ಟೊಳ್ಳಿಗೆ ಹುಯ್ದ ಕಂಚು ಆರಿ ವಿಗ್ರಹವಾಗುವುದು ಮತ್ತೆ ಭೌತ.

“ಅದೆಲ್ಲ ಇರ್ಲಿ. ಇಟ್ಟು ಮುದ್ದೆ ಆಗದು?” ಅಕ್ಕ ಬಿಡಲಿಲ್ಲ.

ಇದು ಕಷ್ಟದ ಪ್ರಶ್ನೆ. ಪಠ್ಯಪುಸ್ತಕ ಬೇಯುವುದನ್ನೆಲ್ಲ ರಾಸಾಯನಿಕದ ಪಟ್ಟಿಗೆ ಹಾಕಿಬಿಡುತ್ತದೆ. ರಾಗಿ ಹುರಿದು ಹುರಿಹಿಟ್ಟು ಮಾಡುವಾಗ ಘಮ ಹುಟ್ಟುತ್ತದಲ್ಲ, ಅಲ್ಲಿ ನನ್ನ ಆಕ್ಷೇಪವಿಲ್ಲ. ಮುದ್ದೆಯಲ್ಲಿ ಮುಖ್ಯವಾಗಿ ಆಗುವುದು ಬೇರೆ. ಎಪ್ಪತ್ತು ಡಿಗ್ರಿಯ ಸುಮಾರಿಗೆ ಹಿಟ್ಟಿನ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಒಡೆಯುತ್ತವೆ. ಒಳಗೆ ಒತ್ತೊತ್ತಾಗಿ ಮಡಿಸಿಕೊಂಡಿದ್ದ ಉದ್ದುದ್ದ ಸರಪಳಿಗಳು ಬಿಚ್ಚಿಕೊಂಡು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಸರಪಳಿ ತುಂಡಾಗುವುದಿಲ್ಲ, ಹೊಸ ವಸ್ತುವೂ ಹುಟ್ಟುವುದಿಲ್ಲ. ಆದರೂ ಮುದ್ದೆಯನ್ನು ಹಿಟ್ಟು ಎಂದು ಯಾರೂ ಕರೆಯುವುದಿಲ್ಲ. ಆರಿದ ಮುದ್ದೆ ಗಡುಸಾಗುವುದು ಆ ಸರಪಳಿಗಳು ಮತ್ತೆ ಸಾಲುಗೂಡುವುದರಿಂದ. ಬಿಸಿಮಾಡಿದರೆ ಒಂದಿಷ್ಟು ಮೆತ್ತಗಾಗುತ್ತದೆ. ಇದನ್ನು ಯಾವ ಪಟ್ಟಿಗೆ ಹಾಕುವುದು? ನನ್ನ ಓಟು ಭೌತಕ್ಕೆ. ಉಪ್ಪು ನೀರಲ್ಲಿ ಕರಗುವುದರ ಬಗ್ಗೆಯೂ ರಸಾಯನವಿಜ್ಞಾನಿಗಳು ಇದೇ ರೀತಿ ಜಗಳ ಆಡುತ್ತಾರೆ. ಪ್ರಕೃತಿಗೆ ನಮ್ಮ ಎರಡು ಪಟ್ಟಿಗಳ ಸುದ್ದಿ ಯಾರೂ ಮುಟ್ಟಿಸಿಲ್ಲ.

“ಹಾಗಾದ್ರೆ ಪರೀಕ್ಷೇಲಿ ಏನು ಬರೀಲಿ ಸಾರ್?” ಎಂದಳು ಹುಡುಗಿ.

“ರಾಸಾಯನಿಕ ಅಂತ ಬರಿ. ಅಂಕ ತಗೊಂಡು ಆಮೇಲೆ ಬಾ, ಜಗಳ ಆಡೋಣ.”

ಗೌಡರಿಗೆ ಮುದ್ದೆ ಬೇಕಿರಲಿಲ್ಲ. ಅವರ ತಲೆಯೊಳಗೆ ಬೇರೇನೋ ಕೊರೆಯುತ್ತಿತ್ತು, ಈಗ ಬಾಯಿಗೆ ಬಂತು. ಆಲೆಮನೆ ನಿಲ್ಲಿಸಿದ ಮೇಲೆ ಅವರ ಕಬ್ಬು ಕಾರ್ಖಾನೆಗೆ ಹೋಗುತ್ತದೆ. ಹೋದ ವರ್ಷ ಬೇಸಿಗೆಯಲ್ಲಿ ಲೋಡು ಕಾರ್ಖಾನೆಯ ಗೇಟಿನ ಮುಂದೆ ಸಾಲಿನಲ್ಲಿ ಮೂರು ದಿನ ನಿಂತಿತ್ತಂತೆ. “ಕಟ್ ಮಾಡ್ದಾಗ ಇದ್ದ ತೂಕ ಅಲ್ಲಿರ್ಲಿಲ್ಲ. ಬಿಸ್ಲಲ್ಲಿ ಒಣಗೋಯ್ತು ಅಂತರೆ. ಬರೀ ಒಣಗದ್ದಾ, ಇನ್ನೇನಾರ ಅದಾ?”

ಎರಡೂ ಇದೆ. ನೀರು ಆರುವುದರಿಂದ ತೂಕ ಇಳಿಯುತ್ತದೆ. ಅದು ಕಣ್ಣಿಗೆ ಕಾಣುವ ನಷ್ಟ. ಕಾಣದ್ದು ಒಳಗಿನದು. ಕಡಿದ ಕಬ್ಬು ಸತ್ತಿರುವುದಿಲ್ಲ. ಅದರದೇ ಕಿಣ್ವಗಳು ಸಕ್ಕರೆಯನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತ ಹೋಗುತ್ತವೆ. ಕಡಿದ ತುದಿಯಿಂದ ನುಗ್ಗಿದ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಅಂಟು ಮಾಡಿಡುತ್ತವೆ. ಆಲೆಮನೆಯಲ್ಲಿ ಸುಣ್ಣ ಹಾಕಿ ಗೌಡರು ಯಾವುದನ್ನು ತಡೆಯುತ್ತಿದ್ದರೋ ಅದು ಇಲ್ಲಿ ಲಾರಿಯ ಮೇಲೆ, ಒಲೆಯಿಲ್ಲದೆ, ಹೇಳೋರು ಕೇಳೋರಿಲ್ಲದೆ ನಡೆಯುತ್ತದೆ. ಬಿಸಿಲಿದ್ದಷ್ಟೂ ಬೇಗ. ಒಡೆದ ಸಕ್ಕರೆ ಹರಳಾಗುವುದಿಲ್ಲ, ಕಾಕಂಬಿಗೆ ಹೋಗುತ್ತದೆ. ಸರ್ಕಾರ ಗೊತ್ತುಮಾಡುವ ಕಬ್ಬಿನ ಎಫ್‌ಆರ್‌ಪಿ ದರದ ಲೆಕ್ಕವೋ ಶೇ 10.25ರ ಸಕ್ಕರೆ ಇಳುವರಿಯ ಮೇಲೆ ನಿಂತಿದೆ. ಕಡಿದ ದಿನದೊಳಗೆ ಅರೆಯಬೇಕು ಎಂದು ಕೃಷಿಯವರು ಬಡಿದುಕೊಳ್ಳುವುದು ಇದಕ್ಕೇ.

ಗೌಡರು ಸ್ವಲ್ಪ ಹೊತ್ತು ಬೇಲಿಯ ಗೂಟ ಹಿಡಿದು ಲೆಕ್ಕ ಹಾಕಿದರು.

“ಅಂದ್ರೆ ತೂಕ ಓಗಿದ್ದು ಭೌತ, ಸಕ್ರೆ ಓಗಿದ್ದು ರಾಸಾಯನಿಕ.”

“ಸರಿಯಾಗಿ ಹೇಳಿದ್ರಿ.”

“ಅವೆರಡರ್ ಜೊತೆ ನನ್ ದುಡ್ಡೂ ಓಯ್ತಲ್ಲ ಮೇಷ್ಟ್ರೇ. ಅದ್ ಇಂದಕ್ಕೂ ಬರಾಕಿಲ್ಲ, ಹೊಸ ವಸ್ತುನೂ ಉಟ್ನಿಲ್ಲ. ಅದ್ನ ಯಾವುದ್ರಲ್ಲಿ ಬರ್ಕೊಳ್ಳವ?”

ನಾನು ನೀರಿನ ಪೈಪು ತಿರುಗಿಸುತ್ತ ಉತ್ತರ ಹುಡುಕುತ್ತಿದ್ದೆ. ಹುಡುಗಿ ಪುಸ್ತಕ ಮಡಿಚಿದಳು.

“ತಾತ, ಅದು ಸಮಾಜ ವಿಜ್ಞಾನದಲ್ಲಿ ಬರ್ತದೆ. ಆ ಪರೀಕ್ಷೆ ಶುಕ್ರವಾರ.”